ಘಟ್ಟವೇರದ ವ್ಯಾನು: ದೋಷವೆಲ್ಲಿ?

ಅಂಕೋಲೆಯಿಂದ ರಾಷ್ಟ್ರೀಯ ಹೆದ್ದಾರಿ 52ರಲ್ಲಿ ಹುಬ್ಬಳ್ಳಿಗೆ ಹೊರಟವರು ಅರಬೈಲು ಘಟ್ಟವನ್ನು ಏರಲೇಬೇಕು. ಕಾರವಾರದಿಂದ ಸರಾಗವಾಗಿ ಓಡಿಬಂದ ಡೀಸೆಲ್ ವ್ಯಾನು ಅಲ್ಲಿ ಏಕಾಏಕಿ ಬಲಗುಂದಿದರೆ, ಮಕ್ಕಳು ಮುದುಕರೊಡನೆ ಹೊರಟ ಗೃಹಸ್ಥನ ಎದೆ ನಡುಗುವುದು ಸಹಜ. “ಟರ್ಬೊ ಹೋಯಿತು, ಬದಲಿಸಬೇಕು” ಎಂಬ ಮಾತು ಒಡನೆಯೇ ಕೇಳಿಬರುತ್ತದೆ. ನಮ್ಮ ಪರಿಚಿತರೊಬ್ಬರು ಹಾಗೆಯೇ ಬದಲಿಸಿದರು. ಹಣ ಹೋಯಿತು, ದೋಷ ಉಳಿಯಿತು. ಕಡೆಗೆ ಸಿಕ್ಕಿದ್ದು ಬಿರಿದ ಒಂದು ರಬ್ಬರ್ ಕೊಳವೆ!

ಎಂಜಿನ್ನಿನಿಂದ ಹೊರಬೀಳುವ ಬಿಸಿ ಅನಿಲದ ರಭಸಕ್ಕೆ ನಿಮಿಷಕ್ಕೆ ಲಕ್ಷಕ್ಕೂ ಮಿಕ್ಕಿ ಸುತ್ತುತ್ತ, ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಚಕ್ರವೇ ಟರ್ಬೊ. ಆ ಒತ್ತಡವನ್ನು ಅಳೆಯುವುದು ಸೆನ್ಸರ್. ಅಳತೆ ತಪ್ಪಿದೊಡನೆ ವಾಹನದ ಗಣಕವು ಎಂಜಿನ್ನಿನ ರಕ್ಷಣೆಗಾಗಿ ಬಲವನ್ನು ತಾನೇ ತಗ್ಗಿಸುತ್ತದೆ.

ಸ್ಕ್ಯಾನರ್ ತೋರುವ ಪಿ0299 ಎಂಬ ಸಂಕೇತ ಒತ್ತಡದ ಕೊರತೆಯನ್ನು ಹೇಳುತ್ತದೆಯೇ ಹೊರತು ಅದರ ಕಾರಣವನ್ನಲ್ಲ. ಆದುದರಿಂದ ಮೊದಲು ಕೊಳವೆ, ಕ್ಲಿಪ್, ಏರ್ ಫಿಲ್ಟರುಗಳನ್ನು ನೋಡಬೇಕು. ಕರಾವಳಿಯ ಉಪ್ಪುಗಾಳಿಗೆ ಸೆನ್ಸರಿನ ಕನೆಕ್ಟರ್ ಕಿಲುಬು ಹಿಡಿಯುವುದೂ ಉಂಟು. ಎಂಜಿನ್ ಚಾಲೂ ಮಾಡದೆ ಕೀಲಿಯನ್ನಷ್ಟೇ ತಿರುಗಿಸಿದಾಗ ಒತ್ತಡದ ಸೆನ್ಸರ್ ಹೊರಗಾಳಿಯ ಒತ್ತಡವನ್ನೇ, ಅಂದರೆ ಕಡಲತೀರದಲ್ಲಿ ಸುಮಾರು 100 ಕಿಲೊಪಾಸ್ಕಲ್, ತೋರಬೇಕು. ತೋರದಿದ್ದರೆ ದೋಷ ಸೆನ್ಸರಿನಲ್ಲಿ ಇಲ್ಲವೆ ತಂತಿಯಲ್ಲಿ. ಕಪ್ಪು ಹೊಗೆ ಗಾಳಿಯ ಕೊರತೆಯ ಸೂಚನೆ. ನೀಲಿ ಹೊಗೆ ಎಣ್ಣೆ ಉರಿಯುತ್ತಿರುವುದರ ಸೂಚನೆ. ಇಷ್ಟನ್ನೂ ಪರೀಕ್ಷಿಸಿದ ಮೇಲೆಯೇ ಟರ್ಬೊವನ್ನು ಬಿಚ್ಚುವುದು ಯುಕ್ತ.

ಘಟ್ಟವೇರಿ ನಿಂತಾಗ ಎಂಜಿನ್ ಒಂದು ನಿಮಿಷ ಮೆಲ್ಲಗೆ ನಡೆಯಲಿ. ಎಣ್ಣೆ ಸಕಾಲಕ್ಕೆ ಬದಲಾಗಲಿ. ಸಂಕೇತವೆಂಬುದು ದೂರು ಮಾತ್ರ. ವಿಚಾರಣೆಗೆ ಮೊದಲೇ ದಂಡ ತೆರುವುದು ವಿವೇಕವಲ್ಲ.