ಸುಮೇರಿಯದ ಗೋಧಿಯನ್ನು ನುಂಗಿದ ಸವುಳು

ನೀರು ದೊರೆತರೆ ಬೇಸಾಯದ ಕಷ್ಟವೆಲ್ಲ ನೀಗಿತೆಂದು ಭಾವಿಸುವುದು ಸಹಜ. ಆದರೆ ಹಾಯಿಸಿದ ನೀರು ಬಸಿದುಹೋಗಲು ದಾರಿ ಇಲ್ಲದಿದ್ದರೆ ಅದೇ ನೀರು ಭೂಮಿಯನ್ನು ಕೆಡಿಸಬಲ್ಲದು. ಇಂದಿನ ಇರಾಕ್ ದೇಶದ ದಕ್ಷಿಣ ಭಾಗದಲ್ಲಿದ್ದ ಪ್ರಾಚೀನ ಸುಮೇರಿಯ ಇದಕ್ಕೆ ನಿದರ್ಶನ.

ಯೂಫ್ರೆಟಿಸ್ ಮತ್ತು ಟೈಗ್ರಿಸ್ ನದಿಗಳ ಈ ಬಯಲಿನಲ್ಲಿ ಮಳೆ ಬಹು ಕಡಿಮೆ. ಬೇಸಾಯವೆಲ್ಲ ಕಾಲುವೆ ನೀರಿನದು. ಆ ಬೆಳೆಯ ಬಲದಿಂದಲೇ ಉರ್, ಲಗಾಶ್ ಮೊದಲಾದ ಪಟ್ಟಣಗಳು ಏಳಿಗೆಗೆ ಬಂದವು.

ನದಿಯ ನೀರಿನಲ್ಲಿ ಸ್ವಲ್ಪ ಲವಣ ಕರಗಿರುತ್ತದೆ. ಬೆಳೆ ನೀರನ್ನು ಹೀರಿ ಲವಣವನ್ನು ಮಣ್ಣಿನಲ್ಲೇ ಬಿಡುತ್ತದೆ. ಬಯಲು ಸಮತಟ್ಟಾದುದರಿಂದ ಹೆಚ್ಚಿನ ನೀರು ಬಸಿಯದೆ ಅಂತರ್ಜಲ ಮೇಲೇರಿತು. ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಉಪ್ಪುನೀರು ಮಣ್ಣಿನಲ್ಲಿ ಏರಿ, ಬಿಸಿಲಿಗೆ ಆರಿ, ನೆಲದ ಮೇಲೆ ಬಿಳಿಯ ಪದರ ಉಳಿಯಿತು.

ಜೇಕಬ್ಸನ್ ಮತ್ತು ಆಡಮ್ಸ್ ಎಂಬ ವಿದ್ವಾಂಸರು 1958ರಲ್ಲಿ ಈ ಸಂಗತಿಯನ್ನು ವಿವರಿಸಿದರು. ಅವರ ಪ್ರಕಾರ ಕ್ರಿ.ಪೂ. 3500ರ ಸುಮಾರಿಗೆ ಗೋಧಿ ಮತ್ತು ಜವೆಗೋಧಿ ಹೆಚ್ಚುಕಡಿಮೆ ಸಮವಾಗಿದ್ದವು. ಕ್ರಿ.ಪೂ. 1700ರ ಹೊತ್ತಿಗೆ ದಕ್ಷಿಣದಲ್ಲಿ ಗೋಧಿಯ ಬೇಸಾಯವೇ ನಿಂತಿತು. ಉಳಿದದ್ದು ಲವಣವನ್ನು ಹೆಚ್ಚು ತಾಳಬಲ್ಲ ಜವೆಗೋಧಿ. ಮಣ್ಣಿನ ಹಲಗೆಗಳ ಮೇಲಿನ ಲೆಕ್ಕಗಳಂತೆ ಕ್ರಿ.ಪೂ. 2400ರಲ್ಲಿ ಹೆಕ್ಟೇರಿಗೆ ಸುಮಾರು 2,500 ಲೀಟರ್ ಅಳತೆಯಿದ್ದ ಧಾನ್ಯದ ಇಳುವರಿ, ಕ್ರಿ.ಪೂ. 1700ಕ್ಕೆ 900 ಲೀಟರಿಗೆ ಇಳಿಯಿತು. ಈ ಲೆಕ್ಕಗಳನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ಸುಮೇರಿಯದ ಅವನತಿಗೆ ಯುದ್ಧ, ಬರಗಾಲ, ನದಿಯ ಪಾತ್ರ ಬದಲಾದುದೂ ಸೇರಿವೆ. ಆದರೂ ಇಳುವರಿ ಕುಗ್ಗಿದ ನಾಡಿಗೆ ಇಂಥ ಪೆಟ್ಟು ತಾಳುವ ಶಕ್ತಿ ಎಲ್ಲಿಂದ ಬರಬೇಕು?

ಅಲ್ಲಿನ ರೈತರು ಅರಿಯದವರಲ್ಲ. ವರ್ಷ ಬಿಟ್ಟು ವರ್ಷ ಹೊಲವನ್ನು ಬೀಳು ಬಿಡುತ್ತಿದ್ದರು. ಆಗ ಆಳಕ್ಕೆ ಬೇರು ಬಿಡುವ ಕಳೆಗಿಡಗಳು ಕೆಳಮಣ್ಣಿನ ತೇವವನ್ನು ಹೀರಿ ಅಂತರ್ಜಲವನ್ನು ತಗ್ಗಿಸುತ್ತಿದ್ದವು. ನೀರು ಹೆಚ್ಚಾಗಿ, ಬೀಳು ಬಿಡುವುದು ತಪ್ಪಿದಲ್ಲಿ ಸವುಳು ಗೆದ್ದಿತು.

ನಮ್ಮ ತುಂಗಭದ್ರಾ ಅಚ್ಚುಕಟ್ಟಿನ ಕಪ್ಪು ಭೂಮಿಗಳಲ್ಲಿಯೂ ಸವುಳು-ಜವುಳು ಕಾಣಿಸಿಕೊಂಡಿದೆ. ಆದ್ದರಿಂದ ರೈತ ಬಾಂಧವರು ಈ ಅಂಶಗಳನ್ನು ಗಮನದಲ್ಲಿಡುವುದು ಒಳ್ಳೆಯದು:

1. ಬೆಳೆಗೆ ಬೇಕಾದಷ್ಟೇ ನೀರು ಹಾಯಿಸಿರಿ.

2. ಬಸಿಗಾಲುವೆ ತೋಡಿ, ಹೂಳು ಮತ್ತು ಕಳೆ ತೆಗೆಯುತ್ತಿರಿ. ಇದು ಒಬ್ಬರಿಂದಾಗುವ ಕೆಲಸವಲ್ಲ. ನೆರೆಹೊರೆಯವರು ಕೂಡಿ ಮಾಡಬೇಕು.

3. ಬಿಳಿಯ ಪದರ ಕಂಡೊಡನೆ ಮಣ್ಣು ಪರೀಕ್ಷೆ ಮಾಡಿಸಿರಿ. ಜಿಪ್ಸಂ ಕ್ಷಾರ ಭೂಮಿಗೆ ಮದ್ದು. ಬರೀ ಲವಣವಿದ್ದರೆ ಒಳ್ಳೆಯ ನೀರು ನಿಲ್ಲಿಸಿ, ತೊಳೆದು, ಬಸಿಯಬೇಕು.

ನೀರು ತರುವ ಕಾಲುವೆಯಷ್ಟೇ ನೀರು ಕಳೆಯುವ ಕಾಲುವೆಯೂ ಮುಖ್ಯವೆಂಬುದೇ ಸುಮೇರಿಯದ ಪಾಠ.