ತೇವದ ಗೋಡೆ ಮತ್ತು ಬಾಣಂತಿಯ ಕೋಣೆ

ವರ್ತೂರು ಕೆರೆಯ ಸುತ್ತಮುತ್ತಲಿನ ಹಳೆಯ ಮನೆಗಳಲ್ಲಿ ಮಳೆಗಾಲ ಬಂತೆಂದರೆ ಗೋಡೆಯ ಬುಡದಲ್ಲಿ ಕಪ್ಪು ಅಥವಾ ಹಸಿರು ಮಚ್ಚೆಗಳು ಮೂಡುವುದನ್ನೂ, ಕೋಣೆಯಲ್ಲಿ ಮುಗ್ಗಲು ವಾಸನೆ ಏಳುವುದನ್ನೂ ನೀವು ಬಲ್ಲಿರಿ. ಇದೇ ಬೂಷ್ಟು. ಹಬ್ಬಕ್ಕೆ ಮುನ್ನ ಅದರ ಮೇಲೆ ಸುಣ್ಣ ಬಳಿಯುವುದು ವಾಡಿಕೆ. ಆದರೆ ಕೆಲವೇ ತಿಂಗಳಲ್ಲಿ ಮಚ್ಚೆಗಳು ಮರಳಿ ಬರುತ್ತವೆ. ಏಕೆಂದರೆ ಬೂಷ್ಟಿನ ಮೂಲವು ಗೋಡೆಯೊಳಗಿನ ನೀರಿನಲ್ಲಿದೆ.

ಗೋಡೆಗೆ ನೀರು ಬರುವುದೆಲ್ಲಿಂದ?

ಬೆಳ್ಳಂದೂರು ಕೆರೆಯ ನೀರು ವರ್ತೂರು ಕೆರೆಗೆ ಬಂದು, ಅಲ್ಲಿಂದ ದಕ್ಷಿಣ ಪಿನಾಕಿನಿ ನದಿಯತ್ತ ಹರಿಯುತ್ತದೆ. ಈ ದಾರಿಯ ತಗ್ಗಿನಲ್ಲಿ ನೆಲವು ಬಹುಕಾಲ ತೇವವಾಗಿರುತ್ತದೆ. ದೀಪದ ಬತ್ತಿಯು ಎಣ್ಣೆಯನ್ನು ಮೇಲಕ್ಕೆ ಹೀರುವಂತೆ ಮಣ್ಣಿನ ಗೋಡೆಯು ನೆಲದ ನೀರನ್ನು ಹೀರುತ್ತದೆ. ಅದಕ್ಕೆ ಸಿಮೆಂಟಿನ ಗಾರೆ ಮಾಡಿದರೆ ತೇವವು ಹೊರಹೋಗಲಾರದೆ ಒಳಗೇ ನಿಲ್ಲುತ್ತದೆ. 2022ರ ಸೆಪ್ಟೆಂಬರಿನಲ್ಲಿ ಈ ಭಾಗದ ಅನೇಕ ಮನೆಗಳಿಗೆ ನೀರು ನುಗ್ಗಿತು. ಹಾಗೆ ನೆನೆದ ವಸ್ತುಗಳು 24ರಿಂದ 48 ಗಂಟೆಗಳೊಳಗೆ ಒಣಗದಿದ್ದರೆ ಬೂಷ್ಟು ಬೆಳೆಯತೊಡಗುತ್ತದೆ.

ಅಪಾಯ ಯಾರಿಗೆ?

ಬೂಷ್ಟಿನಿಂದ ಕಣ್ಣಿಗೆ ಕಾಣದ ಬೀಜಕಣಗಳು ಗಾಳಿಯಲ್ಲಿ ಹರಡುತ್ತವೆ. ಆರೋಗ್ಯವಂತರಿಗೆ ಇದರಿಂದ ಹೆಚ್ಚು ತೊಂದರೆಯಾಗದಿರಬಹುದು. ಆದರೆ ತೇವ ಮತ್ತು ಬೂಷ್ಟಿರುವ ಮನೆಗಳಲ್ಲಿ ಕೆಮ್ಮು, ಉಬ್ಬಸ ಹಾಗೂ ಉಸಿರಾಟದ ಸೋಂಕುಗಳು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ತಿಳಿಸಿದೆ. ನಮ್ಮಲ್ಲಿ ಬಾಣಂತಿಗೂ ಕೂಸಿಗೂ ಗಾಳಿ ತಾಗಬಾರದೆಂದು ಮನೆಯ ಒಳಗಿನ ಕತ್ತಲೆ ಕೋಣೆಯನ್ನೇ ಕೊಡುತ್ತೇವೆ. ಅನೇಕ ಮನೆಗಳಲ್ಲಿ ಅತಿ ಹೆಚ್ಚು ತೇವವಿರುವುದು ಆ ಕೋಣೆಯಲ್ಲೇ. ಸಾಂಬ್ರಾಣಿ ಹೊಗೆಯಿಂದ ಬೂಷ್ಟು ಸಾಯುವುದಿಲ್ಲ. ಕೂಸಿನ ಉಸಿರಿಗೆ ಮತ್ತೊಂದು ತೊಂದರೆ ಸೇರುತ್ತದೆ.

ಉಬ್ಬಸದಿಂದ ಪದೇ ಪದೇ ಬರುತ್ತಿದ್ದ ಮಗುವೊಂದರ ಮನೆಗೆ ನಾನು ಒಮ್ಮೆ ಹೋಗಿದ್ದೆ. ಔಷಧವನ್ನು ಸರಿಯಾಗಿಯೇ ಕೊಡುತ್ತಿದ್ದರು. ಆದರೆ ಹಾಸಿಗೆಯ ಪಕ್ಕದ ಗೋಡೆಯ ಹೊರಗೆ ಬಚ್ಚಲ ನೀರು ನಿಲ್ಲುತ್ತಿತ್ತು. ತಂದೆ ಕಾಲುವೆ ತೋಡಿ ನೀರನ್ನು ದೂರಕ್ಕೆ ಹರಿಸಿದರು. ಮಗುವನ್ನು ಒಣ ಕೋಣೆಯಲ್ಲಿ ಮಲಗಿಸಿದರು. ಔಷಧವನ್ನು ಮುಂದುವರಿಸಿದರು. ಗೋಡೆ ಒಣಗಲು ಒಂದು ಬೇಸಗೆಯೇ ಬೇಕಾಯಿತು; ಮಗುವಿನ ಉಬ್ಬಸ ಅದಕ್ಕೂ ಮೊದಲೇ ಕಡಿಮೆಯಾಯಿತು.

ಪರಿಹಾರದ ಕ್ರಮ

1. ಮೊದಲು ನೀರನ್ನು ತಡೆಯಿರಿ. ಒಡೆದ ಹೆಂಚನ್ನು ಬದಲಿಸಿರಿ. ಸೂರಿನ ನೀರೂ ಬಚ್ಚಲ ನೀರೂ ಗೋಡೆಯಿಂದ ದೂರ ಹರಿಯಲಿ.

2. ಮಳೆಯಿಲ್ಲದ ಹೊತ್ತಿನಲ್ಲಿ ಎದುರುಬದುರಿನ ಕಿಟಕಿ ಬಾಗಿಲುಗಳನ್ನು ತೆರೆಯಿರಿ. ಪೆಟ್ಟಿಗೆ, ಮಂಚಗಳನ್ನು ಗೋಡೆಯಿಂದ ಒಂದು ಗೇಣು ದೂರವಿಡಿರಿ.

3. ಬೂಷ್ಟನ್ನು ಒಣಪೊರಕೆಯಿಂದ ಗುಡಿಸಬೇಡಿರಿ. ಮೂಗು ಬಾಯಿಗಳಿಗೆ ಮಾಸ್ಕ್, ಕೈಗೆ ಗವಸು ಧರಿಸಿ, ಗಟ್ಟಿ ನೆಲ ಗೋಡೆಗಳನ್ನು ಸಾಬೂನು ನೀರಿನಿಂದ ಉಜ್ಜಿ ಒಣಗಿಸಿರಿ. ಬ್ಲೀಚಿಂಗ್ ಪುಡಿಯೊಡನೆ ಆಸಿಡ್ ಎಂದಿಗೂ ಬೆರೆಸಬೇಡಿರಿ, ವಿಷಾನಿಲ ಏಳುತ್ತದೆ.

4. ಮಣ್ಣಿನ ಗೋಡೆಯ ಸಡಿಲ ಗಾರೆಯನ್ನು ನೀರು ಚಿಮುಕಿಸಿ ಕೆರೆದು ತೆಗೆಯಿರಿ. ಗೋಡೆ ಪೂರ್ತಿ ಒಣಗಿದ ಮೇಲೆ ಸುಣ್ಣದ ಗಾರೆ ಮಾಡಿರಿ.

5. ನೆರೆನೀರಿನಲ್ಲಿ ನೆನೆದ ಹತ್ತಿಯ ಹಾಸಿಗೆಯನ್ನೂ, ಬೂಷ್ಟು ಹಿಡಿದ ಕಡಲೆಕಾಯಿ, ಧಾನ್ಯಗಳನ್ನೂ ಬಿಸಾಡಿರಿ. ತೊಳೆದರೂ ಬೇಯಿಸಿದರೂ ಅವುಗಳಲ್ಲಿನ ವಿಷ ಪೂರ್ತಿ ಹೋಗದು.

ಈ ಕೆಲಸವನ್ನು ಗರ್ಭಿಣಿಗೂ ಬಾಣಂತಿಗೂ ಬಿಡಬಾರದು. ಪತಿಯು ತಾನೇ ಮುಂದಾಗಿ ಮಾಡಬೇಕು. ಉಬ್ಬಸವಿರುವವರು ಆ ದಿನ ಬೇರೆಡೆ ಇರಲಿ.

ಎರಡು ತಿಂಗಳೊಳಗಿನ ಕೂಸು ನಿಮಿಷಕ್ಕೆ 60 ಅಥವಾ ಹೆಚ್ಚು ಬಾರಿ ಉಸಿರಾಡಿದರೆ, ಉಸಿರೆಳೆದಾಗ ಪಕ್ಕೆ ಒಳಕ್ಕೆ ಸೆಳೆದರೆ ಅಥವಾ ಹಾಲು ಕುಡಿಯದಿದ್ದರೆ ಮನೆಮದ್ದಿಗೆ ಕಾಯದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಕರೆತನ್ನಿರಿ. ಹೆರಿಗೆಯ ದಿನ ಇನ್ನೂ ದೂರವಿರುವಾಗಲೇ, ತಾಯಿಯೂ ಕೂಸೂ ಮಲಗಲಿರುವ ಕೋಣೆಯ ಗೋಡೆಯನ್ನು ಇಬ್ಬರೂ ಒಮ್ಮೆ ಕೈಯಿಂದ ಮುಟ್ಟಿ ನೋಡಿರಿ.