ಇಂಗ್ಲಿಷಿನಲ್ಲಿ ‘ಮೈ’ ಮರೆತರೆ...

ಬೆಳಗಾಗುತ್ತಲೇ ಎದ್ದು ಮುಖ ತೊಳೆದುಕೊಂಡು, ತಲೆ ಬಾಚಿಕೊಂಡು, ಅಂಗಿ ತೊಟ್ಟುಕೊಂಡು, ಜೇಬಿನಲ್ಲಿ ಕರವಸ್ತ್ರವಿಟ್ಟುಕೊಂಡು, ಕೈಯಲ್ಲಿ ಕೊಡೆ ಹಿಡಿದು ಕಚೇರಿಗೆ ಹೊರಡುವ ಗೃಹಸ್ಥನೊಬ್ಬನ ಸಮಾಚಾರವನ್ನು ಕನ್ನಡದಲ್ಲಿ ಹೇಳಿ ನೋಡಿ. ಆ ಮುಖ ಯಾರದು, ತಲೆ ಯಾರದು, ಜೇಬು ಯಾರದು ಎಂದು ಯಾರೂ ಕೇಳುವುದಿಲ್ಲ. ಕೊಡೆ ಯಾರದೆಂಬ ಪ್ರಶ್ನೆಯಾದರೂ ಪಕ್ಕದ ಮನೆಯವರು ಎದುರಾದಾಗ ಮಾತ್ರ ಏಳುತ್ತದೆ.

ಅದೇ ಗೃಹಸ್ಥ ಇಂಗ್ಲಿಷಿನಲ್ಲಿ ಮನೆಯಿಂದ ಹೊರಡಬೇಕಾದರೆ ಅವನ ಪಾಡು ಬೇರೆ. ಅವನು ‘ತನ್ನ’ ಮುಖವನ್ನೇ ತೊಳೆಯಬೇಕು; ‘ತನ್ನ’ ಕೂದಲನ್ನೇ ಬಾಚಬೇಕು; ‘ತನ್ನ’ ಕರವಸ್ತ್ರವನ್ನು ‘ತನ್ನ’ ಜೇಬಿನಲ್ಲಿಡಬೇಕು; ‘ತನ್ನ’ ಕೈಯಲ್ಲಿ ‘ತನ್ನ’ ಕೊಡೆ ಇರಬೇಕು. ಮನೆಯ ಹೊಸ್ತಿಲು ದಾಟುವುದರೊಳಗಾಗಿ ‘ಹಿಸ್’ ಎಂಬ ಪದ ಐದಾರು ಬಾರಿ ಬಂದುಹೋಗುತ್ತದೆ. ಒಂದನ್ನು ಬಿಟ್ಟರೂ ಕೇಳುವ ಆಂಗ್ಲನ ಹುಬ್ಬು ಮೇಲೇರುತ್ತದೆ.

ಮೈ, ಯುವರ್, ಹಿಸ್, ಹರ್, ಅವರ್, ದೇರ್—ಎಣಿಸಿದರೆ ಬೆರಳೆಣಿಕೆಯಷ್ಟು ಪದಗಳು. ಇವನ್ನು ಬಿಡಬಾರದ ಕಡೆ ಬಿಟ್ಟು, ಹಾಕಬಾರದ ಕಡೆ ಹಾಕಿ, ಕನ್ನಡ ಶಾಲೆಯಲ್ಲಿ ಓದಿ ಬಂದ ಎಷ್ಟೋ ಮಂದಿ ಬುದ್ಧಿವಂತ ಹುಡುಗ ಹುಡುಗಿಯರು ಸಂದರ್ಶನದ ಕೋಣೆಯಲ್ಲಿ ತಲೆ ತಗ್ಗಿಸಿದ್ದುಂಟು. ಎದುರು ಕುಳಿತವರ ಮುಗುಳ್ನಗೆಯನ್ನು ಕಂಡು ‘ನಮಗೆ ಭಾಷೆ ಬಾರದು’ ಎಂಬ ನಿರ್ಧಾರಕ್ಕೆ ಬಂದು ಮರಳಿದ್ದೂ ಉಂಟು. ಆದರೆ ನಿಜಾಂಶ ಬೇರೆಯೇ ಇದೆ. ಅವರು ತಪ್ಪುವುದು ಭಾಷೆ ಬಾರದ್ದರಿಂದಲ್ಲ. ಬಹಳ ಚೆನ್ನಾಗಿ ಬರುವ ಇನ್ನೊಂದು ಭಾಷೆಯ ಕಟ್ಟಳೆಯನ್ನು ಅವರು ತಿಳಿಯದೆಯೇ ಪಾಲಿಸುವುದರಿಂದ.

ದಾರಿಯಲ್ಲಿ ಎಡವುವುದು

ಇಂಗ್ಲಿಷಿನ ‘ಪ್ರಿಪೊಸಿಷನ್’ ನಾಮಪದಕ್ಕೆ ಮೊದಲು ಬಂದು ನಿಲ್ಲುತ್ತದೆ: ಇನ್, ಆನ್, ಬೈ, ಆಫ್, ಅಟ್. ಇದಕ್ಕೂ ನಾಮಪದಕ್ಕೂ ನಡುವೆ ‘ಮೈ’ ಅಥವಾ ‘ಹಿಸ್’ ಬಂದು ಕುಳಿತರೆ ಅರ್ಥ ಎಷ್ಟರಮಟ್ಟಿಗೆ ಬದಲಾಗುತ್ತದೆಂಬುದಕ್ಕೆ ದಾರಿಯ ಉದಾಹರಣೆಯೇ ಸಾಕು. ಊಟಕ್ಕೆ ಕರೆದವರಿಗೆ ‘ಐ ಆಮ್ ಆನ್ ಮೈ ವೇ’ ಎಂದರೆ ‘ಹೊರಟಿದ್ದೇನೆ, ಬರುತ್ತಿದ್ದೇನೆ’ ಎಂದಾಯಿತು. ‘ಐ ಆಮ್ ಇನ್ ಯುವರ್ ವೇ’ ಎಂದರೋ, ‘ನಿಮಗೆ ಅಡ್ಡವಾಗಿ ನಿಂತಿದ್ದೇನೆ’ ಎಂದಾಗುತ್ತದೆ. ‘ಐ ಡು ಇಟ್ ಇನ್ ಮೈ ವೇ’ ಎಂದರೆ ‘ನನ್ನದೇ ರೀತಿಯಲ್ಲಿ ಮಾಡುತ್ತೇನೆ’ ಎಂಬ ಸ್ವಾಭಿಮಾನದ ಮಾತು. ದಾರಿ ಒಂದೇ, ಮುಂದೆ ನಿಂತ ಎರಡು ಪುಟ್ಟ ಪದಗಳು ಅತಿಥಿಯನ್ನು ಅಡ್ಡಿಯನ್ನಾಗಿಯೂ ಮಾಡಬಲ್ಲವು.

ಮನಸ್ಸಿನ ವಿಷಯವೂ ಹೀಗೆಯೇ. ‘ಔಟ್ ಆಫ್ ಮೈಂಡ್’ ಎಂದರೆ ನೆನಪಿನಿಂದ ಜಾರಿದ್ದು. ‘ಔಟ್ ಆಫ್ ಹಿಸ್ ಮೈಂಡ್’ ಎಂದರೆ ಮತಿಗೆಟ್ಟವನು. ಕೆಲಸವೊಂದು ‘ಇನ್ ಹ್ಯಾಂಡ್’ ಎಂದರೆ ನಡೆಯುತ್ತಿದೆ. ‘ಇನ್ ಹಿಸ್ ಹ್ಯಾಂಡ್ಸ್’ ಎಂದರೆ ಅದರ ಹೊಣೆ ಅವನದು. ಪ್ರಿಪೊಸಿಷನ್ ಇಲ್ಲದ ಕಡೆಯೂ ಈ ಚಮತ್ಕಾರ ನಿಲ್ಲುವುದಿಲ್ಲ. ‘ಹಿ ಲಾಸ್ಟ್ ಹಾರ್ಟ್’ ಎಂದರೆ ಪಾಪ, ಧೈರ್ಯಗುಂದಿದ. ‘ಹಿ ಲಾಸ್ಟ್ ಹಿಸ್ ಹಾರ್ಟ್’ ಎಂದರೆ ಯಾರಿಗೋ ಮನಸೋತ. ಮೊದಲನೆಯವನಿಗೆ ಸಮಾಧಾನ ಹೇಳಬೇಕು. ಎರಡನೆಯವನ ಮನೆಯವರಿಗೆ ಸುದ್ದಿ ಮುಟ್ಟಿಸಬೇಕು!

ಹಾಗಾದರೆ ಎಲ್ಲ ಕಡೆಯೂ ‘ಮೈ’, ‘ಹಿಸ್’ ಸೇರಿಸಿಬಿಟ್ಟರೆ ಕ್ಷೇಮವೆ? ಅದೂ ಇಲ್ಲ. ‘ಅವರು ನನ್ನ ಕೈ ಹಿಡಿದು ಕರೆದೊಯ್ದರು’ ಎನ್ನಲು ಇಂಗ್ಲಿಷಿನವರು ‘ದೇ ಟುಕ್ ಮಿ ಬೈ ದಿ ಹ್ಯಾಂಡ್’ ಎನ್ನುತ್ತಾರೆಯೇ ಹೊರತು ‘ಬೈ ಮೈ ಹ್ಯಾಂಡ್’ ಎನ್ನುವುದಿಲ್ಲ. ಬೆನ್ನು ತಟ್ಟುವುದು, ಮುಖ ದಿಟ್ಟಿಸುವುದು, ತಲೆಗೆ ಹೊಡೆಯುವುದು ಎಲ್ಲಕ್ಕೂ ಇದೇ ಪದ್ಧತಿ. ಕಾರಣ ಸರಳವಾದುದು. ‘ಮಿ’ ಎಂದಾಗಲೇ ಕೈಯ ಒಡೆಯ ಯಾರೆಂಬುದು ತಿಳಿದುಹೋಯಿತು; ಅದನ್ನು ಮತ್ತೆ ಹೇಳುವುದು ಅನಾವಶ್ಯಕ. ಕ್ರಿಯೆಗೆ ಗುರಿಯಾದವನನ್ನು ಮೊದಲು ಹೆಸರಿಸಿ, ಬಳಿಕ ಅವನ ಅಂಗವನ್ನು ಹೇಳುವಾಗ ‘ದಿ’ ಸಾಕು. ಕೆಲಸ ಮಾಡಿದವನದೇ ಕೈ, ಅವನದೇ ಜೇಬು ಆದಾಗ ಮಾತ್ರ ‘ಹಿ ಪುಟ್ ಹಿಸ್ ಹ್ಯಾಂಡ್ ಇನ್ ಹಿಸ್ ಪಾಕೆಟ್’ ಎಂದು ಎರಡೆರಡು ‘ಹಿಸ್’ ಬೇಕು. ಈ ಒಂದು ಸೂತ್ರವನ್ನು ನೆನಪಿನಲ್ಲಿಟ್ಟುಕೊಂಡ ವಿದ್ಯಾರ್ಥಿ ನೂರು ತಪ್ಪುಗಳಿಂದ ಪಾರಾಗುತ್ತಾನೆ.

ಅವನಿಗೆ ನಿಘಂಟೂ ನೆರವಾಗುತ್ತದೆ. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿಯವರು ಇಬ್ಬರು ಸಹೋದ್ಯೋಗಿಗಳೊಡನೆ ಸಿದ್ಧಪಡಿಸಿ 1942ರಲ್ಲಿ ಟೋಕಿಯೋದಲ್ಲಿ ಪ್ರಕಟವಾದ ನಿಘಂಟು, 1948ರಲ್ಲಿ ಆಕ್ಸ್‌ಫರ್ಡ್ ಮುದ್ರಣಾಲಯದ ಮೂಲಕ ಹೊರಬಂದು ಪರಭಾಷೆಯ ವಿದ್ಯಾರ್ಥಿಗಳ ಕೈಪಿಡಿಯಾಯಿತು. ಅಂಥ ನಿಘಂಟುಗಳಲ್ಲಿ ನುಡಿಗಟ್ಟಿನ ನಡುವೆ ‘ಒನ್ಸ್’ ಎಂದು ಅಚ್ಚಾಗಿದ್ದರೆ ಅದು ಖಾಲಿ ಕುರ್ಚಿ ಇದ್ದಂತೆ. ಅಲ್ಲಿ ಮೈ, ಯುವರ್, ಹಿಸ್—ಸಮಯಕ್ಕೆ ತಕ್ಕವರು ಬಂದು ಕೂರಬೇಕು. ‘ದಿ’ ಎಂದಿದ್ದರೆ ಆ ಕುರ್ಚಿ ಭರ್ತಿಯಾಗಿದೆ ಎಂದೇ ತಿಳಿಯತಕ್ಕದ್ದು.

ಒಂದೇ ಮೂಗು

‘ನನ್ನ ಸ್ನೇಹಿತನೊಬ್ಬ’ ಎಂಬ ನಮ್ಮ ಸರಳ ಮಾತಿಗೆ ಇಂಗ್ಲಿಷಿನಲ್ಲಿ ‘ಎ ಫ್ರೆಂಡ್ ಆಫ್ ಮೈನ್’ ಎನ್ನಬೇಕು. ‘ಆಫ್ ಮಿ’ ಎಂದರೆ ಸಲ್ಲದು. ‘ಆಫ್’ ಎಂಬುದೇ ಷಷ್ಠೀ ವಿಭಕ್ತಿಯ ಕೆಲಸ ಮಾಡುತ್ತಿರುವಾಗ ‘ಮೈನ್’ ಎಂಬ ಇನ್ನೊಂದು ಷಷ್ಠಿ ಏತಕ್ಕೆ? ‘ನನ್ನ ಸ್ನೇಹಿತರಲ್ಲಿ ಒಬ್ಬ’ ಎಂಬುದೇ ಇದರ ಮೂಲಾರ್ಥವೆಂದು ಹಳೆಯ ವ್ಯಾಕರಣಗಳು ಹೇಳಿದವು. ಆದರೆ ‘ದಟ್ ನೋಸ್ ಆಫ್ ಹಿಸ್’ ಎಂದೂ ಜನ ಹೇಳುತ್ತಾರಲ್ಲ! ಮನುಷ್ಯನಿಗೆ ಇರುವುದು ಒಂದೇ ಮೂಗು. ‘ಅವನ ಮೂಗುಗಳಲ್ಲಿ ಒಂದು’ ಎಂದು ಅರ್ಥ ಮಾಡುವುದು ಹೇಗೆ? ಡೆನ್ಮಾರ್ಕಿನ ಮಹಾವಿದ್ವಾಂಸ ಆಟೋ ಯೆಸ್ಪರ್ಸನ್ (1860–1943) ಇಂಥ ಪ್ರಯೋಗಗಳನ್ನೇ ಮುಂದಿಟ್ಟು, ಇಲ್ಲಿ ‘ಆಫ್’ ಒಂದು ಗುಂಪಿನಿಂದ ಬೇರ್ಪಡಿಸುವ ಪದವಲ್ಲ, ಎರಡನ್ನು ಜೋಡಿಸುವ ಪದವೆಂದು ವಾದಿಸಿದನು. ಇಂಗ್ಲಿಷರ ಮೂಗಿನ ಲೆಕ್ಕವನ್ನು ಸರಿಪಡಿಸಲು ಪರದೇಶದ ಪಂಡಿತನೊಬ್ಬ ಬರಬೇಕಾಯಿತು ಎಂಬುದು ಪರಭಾಷೆ ಕಲಿಯುವವರಿಗೆಲ್ಲ ಧೈರ್ಯ ಕೊಡತಕ್ಕ ಸಂಗತಿ.

ಈ ‘ಮೈನ್’ ಇದ್ದರೆ ಒಂದು ಅನುಕೂಲವೂ ಉಂಟು. ‘ಎ ಪಿಕ್ಚರ್ ಆಫ್ ಮಿ’ ಎಂದರೆ ನನ್ನನ್ನು ತೋರಿಸುವ ಚಿತ್ರ; ‘ಎ ಪಿಕ್ಚರ್ ಆಫ್ ಮೈನ್’ ಎಂದರೆ ನನ್ನ ಬಳಿಯ ಚಿತ್ರಗಳಲ್ಲೊಂದು; ಅದರಲ್ಲಿ ಆನೆಯಿದ್ದರೂ ಇರಬಹುದು.

ಹಳೆಯ ಮನೆಯ ಪಾಯ

ಇಂದಿನ ವಕ್ರತೆಗಳಲ್ಲಿ ಹಲವು ನಿನ್ನೆಯ ಸರಳತೆಗಳೇ. ‘ಮೈ’ ಮತ್ತು ‘ಮೈನ್’ ಮೊದಲು ಒಂದೇ ಪದ. ವ್ಯಂಜನದ ಮುಂದೆ ಕೊನೆಯ ನಕಾರ ಉದುರಿತು, ಸ್ವರದ ಮುಂದೆ ಬಹುಕಾಲ ಉಳಿಯಿತು. ‘ದೇರ್’ ಎಂಬುದು ಇಂಗ್ಲೆಂಡಿಗೆ ಬಂದು ನೆಲೆಸಿದ ಸ್ಕ್ಯಾಂಡಿನೇವಿಯದವರ ಕೊಡುಗೆ. ‘ಇಟ್ಸ್’ ಇವರೆಲ್ಲರಿಗಿಂತ ಕಿರಿಯದು; ಹಿಂದೆ ವಸ್ತುವಿಗೂ ‘ಹಿಸ್’ ಎಂದೇ ಹೇಳುತ್ತಿದ್ದರು. 1611ರಲ್ಲಿ ಪ್ರಕಟವಾದ ಸುಪ್ರಸಿದ್ಧ ಇಂಗ್ಲಿಷ್ ಬೈಬಲಿನ ಮೊದಲ ಮುದ್ರಣದಲ್ಲಿ ‘ಇಟ್ಸ್’ ಎಂಬ ಪದವೇ ಇಲ್ಲ. ಪತ್ರದ ಕೊನೆಯಲ್ಲಿ ‘ಯುವರ್ಸ್’ ಎಂಬುದಕ್ಕೆ ತಪ್ಪಾಗಿ ಅಲ್ಪಚಿಹ್ನೆ ಹಾಕಿ ಬೈಸಿಕೊಳ್ಳುವವರು ಕೂಡ ಸಮಾಧಾನ ತಾಳಬಹುದು: 18ನೆಯ ಶತಮಾನದ ಸುಶಿಕ್ಷಿತ ಆಂಗ್ಲರು ಆ ಚಿಹ್ನೆಯನ್ನು ಧಾರಾಳವಾಗಿ ಹಾಕುತ್ತಿದ್ದರು.

ಕನ್ನಡಿಗರಿಗೆ ಆಪ್ತವೆನಿಸುವ ಒಂದು ಸಾಮ್ಯವೂ ಇಲ್ಲಿದೆ. ‘ನನಗೆ ಬದಲಾಗಿ’ ಎಂಬುದನ್ನು ಇಂಗ್ಲಿಷಿನಲ್ಲಿ ‘ಇನ್ ಮೈ ಸ್ಟೆಡ್’ ಎನ್ನಬಹುದು. ‘ಸ್ಟೆಡ್’ ಎಂದರೆ ಹಿಂದೆ ‘ಸ್ಥಳ’ ಎಂದೇ ಅರ್ಥ. ಆದ್ದರಿಂದ ಅದು ‘ನನ್ನ ಸ್ಥಾನದಲ್ಲಿ’ ಎಂದಂತಾಯಿತು. ‘ಆನ್ ಮೈ ಬಿಹಾಫ್’ ಎನ್ನುವಲ್ಲಿಯೂ ಅಡಗಿರುವುದು ‘ಪಕ್ಕ’ ಎಂಬ ಅರ್ಥದ ಹಳೆಯ ಪದ. ಕನ್ನಡದ ‘ನನ್ನ ಪರವಾಗಿ’ ಎಂಬುದೂ ಅದೇ ಜಾಡಿನದು. ‘ನನ್ನ ಮೇಲೆ’, ‘ನನ್ನ ಬಳಿ’, ‘ನನ್ನ ಸಲುವಾಗಿ’ ಎಂದು ಕನ್ನಡ ನಿತ್ಯವೂ ಮಾಡುವ ಕೆಲಸವನ್ನೇ ಇಂಗ್ಲಿಷು ಇಲ್ಲಿ ಮಾಡಿದೆ. ‘ಬಿಹೈಂಡ್ ಮೈ ಬ್ಯಾಕ್’ ಎಂಬುದಂತೂ ‘ನನ್ನ ಬೆನ್ನ ಹಿಂದೆ’ ಎಂಬುದರ ಅವಳಿ. ಅಂಗಗಳು ಮಾತ್ರ ಕೆಲವೆಡೆ ಬದಲಾಗುತ್ತವೆ. ಇಂಗ್ಲಿಷಿನವನ ‘ಮೂಗಿನ ಕೆಳಗೆ’ ನಡೆದ ಕಳ್ಳತನ ಕನ್ನಡಿಗನ ‘ಕಣ್ಣೆದುರಿಗೇ’ ನಡೆಯುತ್ತದೆ. ಅವನಿಗೆ ‘ಬೆರಳ ತುದಿಯಲ್ಲಿ’ ಇರುವ ವಿದ್ಯೆ ಇವನಿಗೆ ‘ನಾಲಿಗೆಯ ತುದಿಯಲ್ಲಿ’ ಇರುತ್ತದೆ. ಇಂಗ್ಲಿಷಿನವನ ನಾಲಿಗೆಯ ತುದಿಗೆ ಬಂದದ್ದೋ, ನೆನಪಾಗಿಯೂ ಆಗದೆ ಸತಾಯಿಸುವ ಹೆಸರು!

ಕನ್ನಡದ ಗುಟ್ಟು

ಮೊದಲ ಪ್ರಶ್ನೆಗೆ ಮರಳೋಣ. ‘ಹಿಸ್’ ಇಲ್ಲದೆ ಕನ್ನಡ ಹೇಗೆ ಸಂಸಾರ ತೂಗಿಸುತ್ತದೆ? ಗುಟ್ಟಿರುವುದು ನಾಮಪದದಲ್ಲಲ್ಲ, ಕ್ರಿಯಾಪದದಲ್ಲಿ. ‘ಅವಳು ತಲೆ ಬಾಚಿದಳು’ ಎಂದರೆ ಎದುರಿಗೆ ಮಗಳೋ ತಂಗಿಯೋ ಕುಳಿತಿದ್ದಾಳೆ. ‘ತಲೆ ಬಾಚಿಕೊಂಡಳು’ ಎಂದರೆ ಅವಳದೇ ತಲೆ. ‘ಕೊಳ್ಳು’ ಎಂಬ ಒಂದು ಸಹಾಯಕ ಧಾತು ಒಡೆತನವನ್ನೂ ಫಲವನ್ನೂ ಕರ್ತೃವಿನ ಕಡೆಗೆ ತಿರುಗಿಸಿಬಿಡುತ್ತದೆ. ಇಂಗ್ಲಿಷಿನ ‘ಷಿ ಕೋಂಬ್ಡ್ ಹರ್ ಹೇರ್’ ಎಂಬ ಮಾತಿನಲ್ಲಿ ಬಾಚಿದ್ದು ತನ್ನ ಕೂದಲನ್ನೋ ಮಗಳದನ್ನೋ ಎಂಬುದು ‘ಹರ್’ ಇದ್ದೂ ತಿಳಿಯದು.

ಇನ್ನೊಂದು ಐಶ್ವರ್ಯ ‘ತನ್ನ’ ಎಂಬ ಪದ. ‘ರಾಮನು ಕೃಷ್ಣನನ್ನು ತನ್ನ ಮನೆಗೆ ಕರೆದೊಯ್ದನು’ ಎಂದರೆ ಮನೆ ರಾಮನದೇ. ಇಂಗ್ಲಿಷಿನ ‘ಟು ಹಿಸ್ ಹೌಸ್’ ಎಂಬಲ್ಲಿ ಮನೆ ಇಬ್ಬರಲ್ಲಿ ಯಾರದೆಂದು ತಿಳಿಯಲು ಹಿಂದುಮುಂದಿನ ಕಥೆ ಬೇಕು. ಲ್ಯಾಟಿನ್ ಭಾಷೆ ಈ ಎರಡನ್ನೂ ಬೇರೆ ಪದಗಳಿಂದ ತೋರಿಸುತ್ತಿತ್ತು. ಸ್ವೀಡಿಷ್ ಇಂದಿಗೂ ತೋರಿಸುತ್ತದೆ. ಅಂಗಗಳ ವಿಷಯದಲ್ಲಿಯೂ ಕನ್ನಡ ಒಂಟಿಯಲ್ಲ. ಫ್ರೆಂಚರೂ ಜರ್ಮನರೂ ‘ತನಗೆ ಕೈಗಳನ್ನು ತೊಳೆಯುತ್ತಾನೆ’ ಎಂಬ ರೀತಿಯಲ್ಲಿ ಹೇಳಿ, ‘ತನ್ನ ಕೈ’ ಎಂಬುದನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಆದ್ದರಿಂದ ಕನ್ನಡದ ಹುಡುಗ ‘ಹಿಸ್’ ಬಿಟ್ಟದ್ದು ಅಪರಾಧವಲ್ಲ, ಅಭ್ಯಾಸ. ಶಿಕ್ಷಕರು ಅದನ್ನು ಕೆಂಪು ಮಸಿಯಿಂದ ಗೀಚುವ ಬದಲು, ‘ಕನ್ನಡದಲ್ಲಿ ಕೊಳ್ಳು ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ಹಿಸ್ ಮಾಡುತ್ತದೆ’ ಎಂದು ಒಮ್ಮೆ ತಿಳಿಸಿದರೆ, ಹುಡುಗನ ತಪ್ಪೂ ತಿದ್ದೀತು, ತಲೆಯೂ ತಗ್ಗಲಾರದು.

ಕಳವಳಪಡಬೇಕಾದದ್ದು ಇನ್ನೊಂದು ಕಡೆಯಿಂದ. ಅವಸರದ ಭಾಷಾಂತರಗಳಲ್ಲಿ ‘ಅವನು ತನ್ನ ಕೈಯನ್ನು ತನ್ನ ಜೇಬಿನೊಳಗೆ ಹಾಕಿ ತನ್ನ ತಲೆಯನ್ನು ಅಲ್ಲಾಡಿಸಿದನು’ ಎಂಬಂಥ ವಾಕ್ಯಗಳು ಸಾಲುಗಟ್ಟಿ ಬರುತ್ತಿವೆ. ಇಂಗ್ಲಿಷಿನಲ್ಲಿ ಪ್ರತಿಯೊಂದು ‘ಹಿಸ್’ ದುಡಿದು ತಿನ್ನುತ್ತದೆ. ಇಲ್ಲಿ ಪ್ರತಿಯೊಂದು ‘ತನ್ನ’ ಬಿಟ್ಟಿ ಊಟದ ನೆಂಟ. ‘ಜೇಬಿನಲ್ಲಿ ಕೈಯಿಟ್ಟುಕೊಂಡು ತಲೆಯಾಡಿಸಿದ’ ಎಂದರೆ ಅಜ್ಜಿಗೂ ಮೊಮ್ಮಗುವಿಗೂ ತಿಳಿಯುತ್ತದೆ. ಇಂಥ ಬರಹವನ್ನೇ ಓದಿ ಬೆಳೆಯುವ ಮಕ್ಕಳು ‘ಕೊಳ್ಳು’ವಿನ ಸೊಗಸನ್ನು ಮರೆತರೆ, ಆ ನಷ್ಟವನ್ನು ಯಾವ ಸಂದರ್ಶನದ ಗೆಲುವೂ ತುಂಬಿಕೊಡಲಾರದು.

ಕೊನೆಗೊಂದು ಮಾತು. ಒಬ್ಬನೇ ಮಗನಾದವನೂ ಕನ್ನಡದಲ್ಲಿ ‘ನಮ್ಮ ತಂದೆ’, ‘ನಮ್ಮ ಮನೆ’ ಎನ್ನುತ್ತಾನೆ. ಇಂಗ್ಲಿಷಿನಲ್ಲಿ ‘ಅವರ್ ಫಾದರ್’ ಎಂದರೆ ‘ನೀವು ಎಷ್ಟು ಜನ ಮಕ್ಕಳು?’ ಎಂದು ಕೇಳಿಯಾರು. ಹಾಗೆಂದು ಆಂಗ್ಲರೆಲ್ಲ ‘ಮೈ’ ಪಂಥದವರೇ ಅಲ್ಲ. ಉತ್ತರ ಇಂಗ್ಲೆಂಡಿನ ಮನೆಗಳಲ್ಲಿ ಅಣ್ಣತಮ್ಮಂದಿರನ್ನೂ ಅಕ್ಕತಂಗಿಯರನ್ನೂ ಇಂದಿಗೂ ‘ನಮ್ಮ ಟಾಮ್’, ‘ನಮ್ಮ ಮೇರಿ’ ಎಂದೇ ಕರೆಯುವ ರೂಢಿಯಿದೆ. ಮನೆಯ ಮಾತಿಗೆ ಬಂದಾಗ ಹೃದಯಗಳು ಬಹಳ ದೂರವಿಲ್ಲ.

ಇಂಗ್ಲಿಷಿನಲ್ಲಿ ‘ಮೈ’ ಮರೆಯದಿರಲಿ. ಕನ್ನಡದಲ್ಲಿ ‘ಕೊಳ್ಳು’ ಕಳೆದುಕೊಳ್ಳದಿರಲಿ. ಎರಡನ್ನೂ ಉಳಿಸಿಕೊಂಡ ಮಗು ಎರಡು ಮನೆಗಳಲ್ಲಿಯೂ ತಲೆಯೆತ್ತಿ ನಡೆದೀತು.